ಗೋಡೆ ಮೇಲೊಂದು ಆಣೆ

ಹೋದ ತಿಂಗಳು ಹೊಳಲ್ಕೆರೆಯಲ್ಲಿ ನಾನು ಜಟಕಾ ಗಾಡಿ ಹತ್ತಿ, ಮೈಕ್ ಹಿಡಿದು, ಊರಿಗೆಲ್ಲ ಇಟ್ಟಿದ್ದ ಆಣೆಯನ್ನು ವಾಪಸ್ ತೆಗೆದುಕೊಂಡೆ. ಯಾಕೆ ಅಂತೀರಾ? ಒಂದು ಸಿನಿಮಾ ಓಡಲಿ ಅಂತ.

ಅಲ್ಲಿನ ಟಾಕೀಸಿನಲ್ಲಿ ತಿಪ್ಪೇಸ್ವಾಮಿ ಅಂತ ನನ್ನ ಗೆಳೆಯನಿದ್ದಾನೆ. ಹತ್ತು ವರ್ಷ ಗೇಟಿನಲ್ಲಿ ನಿಂತು ಟಿಕೆಟ್ ಹರಿದವನು. ಈ ಸಲ ಮಾಲೀಕರು ಅವನನ್ನೇ ಮ್ಯಾನೇಜರ್ ಮಾಡಿದರು. ಒಂದೇ ಷರತ್ತು: ಮೊದಲ ಚಿತ್ರ ಎರಡು ವಾರ ಓಡಬೇಕು, ಇಲ್ಲದಿದ್ದರೆ ಮತ್ತೆ ಗೇಟಿಗೆ. ಅವನ ಪಾಲಿಗೆ ಬಂದದ್ದು ಸಸ್ಪೆನ್ಸ್ ಚಿತ್ರ. ಹಾಡು ಎರಡೇ. ಹೀರೋ ಹೊಸಬ. ಕೊಲೆ ಮಾತ್ರ ಮೂರು.

ಪಬ್ಲಿಸಿಟಿ ಪ್ಲಾನ್ ಮಾಡೋಕೆ ಚಿತ್ರದುರ್ಗದ ನಮ್ಮ ಮನೆಗೇ ಬಂದ.

"ನೀನು ಪೇಪರಿಗೆ ಬರೆಯೋನು. ಜನ ಎದ್ದು ಬರಂಗೆ ಒಂದು ಲೈನ್ ಬರ್ಕೊಡಪ್ಪ. ಕೊಲೆ ಮಾಡ್ದೋನು ಯಾರು ಅಂತ ನೋಡಿದೋರು ಹೊರಗೆ ಬಾಯಿ ಬಿಡಬಾರ್ದು, ಅಷ್ಟೇ."

ಎರಡು ಲೋಟ ಕಾಫಿ ಮುಗಿಸಿ ಬರೆದೆ: "ಕೊಲೆಗಾರ ಯಾರು? ನೋಡಿದವರು ಹೇಳಬೇಡಿ. ನಿಮ್ಮ ಮನೆದೇವರ ಆಣೆ."

(ನನಗೆ ಬಹಳ ಹಿಡಿಸಿತು. ನಾನು ಬರೆದದ್ದು ನನಗೆ ಯಾವತ್ತು ಹಿಡಿಸಿಲ್ಲ?)

ಈ ಸಾಲು ಊರಿನ ಗೋಡೆಗಳನ್ನು ಹತ್ತಿತು. ಹಳದಿ ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾಯಿತು. ಜಟಕಾದ ಮೈಕಿನಲ್ಲಿ ಹೊರಕೆರೆದೇವಪುರದವರೆಗೂ ಹೋಯಿತು. ಮೊದಲ ದಿನ ಅರ್ಧ ಟಾಕೀಸು ತುಂಬಿತು. ಮೂರನೆಯ ದಿನ ಮ್ಯಾಟಿನಿಗೆ ಬಂದವರು ಒಂಬತ್ತು ಜನ.

ತಿಪ್ಪೇಸ್ವಾಮಿ ಹೇಳಿ ಕಳಿಸಿದ. ಹೋದೆ. ಅವನ ಮುಖ ನೋಡಿ ನಿಜಕ್ಕೂ ಅಯ್ಯೋ ಅನಿಸಿತು. ಕಾರಣ ತಿಳಿಯೋಣ ಅಂತ ಇಬ್ಬರೂ ಸಂತೆಗೆ ನಡೆದೆವು. ಅಲ್ಲಿ ಕಂಬಳಿ ಮಾರುತ್ತಿದ್ದ ಕೆಂಚಮ್ಮ ತಿಪ್ಪೇಸ್ವಾಮಿಗೆ ಗುರುತು, ತಪ್ಪದೆ ಸಿನಿಮಾಕ್ಕೆ ಬರುವವಳು.

"ಮೊದಲ್ನೇ ದಿನ ಗೊತ್ತಾಗ್ದೆ ನೋಡ್ಬಿಟ್ಟೆ ಸ್ವಾಮಿ. ಈಗ ಹೊಟ್ಟೆಯಾಗೆ ಇಟ್ಕಂಡು ಒದ್ದಾಡ್ತಿದೀನಿ. ನಮ್ಮ ಹಟ್ಟಿಯೋರು ಯಾರೂ ಬರಲ್ಲ ಅಂತಾರೆ. ಮಕ್ಕಳು ಮರಿ ಇರೋ ಮನೆ, ಬಾಯಿ ತಪ್ಪಿ ಹೇಳಿಬಿಟ್ರೆ? ಸಿನಿಮಾಕ್ಕೆ ದೇವ್ರ ಆಣೆ ಯಾಕೆ ಬೇಕಿತ್ರಿ?"

ನಾನು ಆಡಿದ್ದು ಬರೀ ಅಲಂಕಾರದ ಮಾತು. ಅವರಿಗೆ ಅದು ಆಣೆ. ಆಣೆ ಅಂದಮೇಲೆ ಆಣೆಯೇ ಅಲ್ಲವೇ?

"ನಾನು ಮೈಕಲ್ಲಿ ಹೇಳಿದ್ರೆ ನಡೆಯಲ್ಲ. ಆಣೆ ಇಟ್ಟೋನೇ ವಾಪಸ್ ತಗಾಬೇಕು. ಗಾಡಿ ಹತ್ತು" ಅಂದ ತಿಪ್ಪೇಸ್ವಾಮಿ.

ಹತ್ತಿದೆ. "ಆಣೆ ಇಟ್ಟವನು ನಾನೇ, ತಪ್ಪಾಯಿತು, ವಾಪಸ್ ತೆಗೆದುಕೊಂಡಿದ್ದೇನೆ, ಕೊಲೆಗಾರ ಯಾರು ಅಂತ ಯಾರಿಗೆ ಬೇಕಾದರೂ ಹೇಳಿ" ಅಂತ ಬೀದಿ ಬೀದಿಯಲ್ಲಿ ಕೂಗಿದೆ. ನಾಚಿಕೆ ಆಗಲಿಲ್ಲವೇ? ಆಯಿತು.

ಮಾರನೆಯ ದಿನದಿಂದ ಟಾಕೀಸು ಭರ್ತಿ. ವಾರದೊಳಗೆ ಕೊಲೆಗಾರನ ಹೆಸರು ಊರಿನ ಎಲ್ಲ ಹೋಟೆಲಿನಲ್ಲೂ ಚಹಾದ ಜೊತೆ ಸಿಗುತ್ತಿತ್ತು. ಆದರೂ ಜನ ಬಂದರು. ಗುಟ್ಟಿನ ಆಸೆ ತೋರಿಸಿ ಜನರನ್ನು ಕರೆಯುತ್ತೇವೆ ಅಂದುಕೊಂಡಿದ್ದೆವು. ಅವರಿಗೆ ಬೇಕಿದ್ದದ್ದು ನೋಡಿ ಬಂದು ನಾಲ್ಕು ಜನರ ಮುಂದೆ ಕಥೆ ಹೇಳುವ ಸುಖ. ಅದನ್ನೇ ಕಿತ್ತುಕೊಂಡರೆ ಟಿಕೆಟ್ ಯಾಕೆ ತಗೋಬೇಕು?

ಚಿತ್ರ ಮೂರು ವಾರ ಓಡಿತು. ತಿಪ್ಪೇಸ್ವಾಮಿ ಮ್ಯಾನೇಜರ್ ಕುರ್ಚಿಯಲ್ಲೇ ಉಳಿದ.

ಮೊನ್ನೆ ಸಂತೆಯಲ್ಲಿ ಕೆಂಚಮ್ಮ ಮತ್ತೆ ಸಿಕ್ಕಳು. (ನಾನು ಆ ಚಿತ್ರ ನೋಡಿಲ್ಲ, ನಿಮ್ಮಲ್ಲೇ ಇರಲಿ.) "ಈಗ ಹೇಳಬಹುದಲ್ಲಮ್ಮ, ಕೊಲೆಗಾರ ಯಾರು?" ಅಂದೆ.

"ನಾನು ಹೇಳಲ್ಲ ಸ್ವಾಮಿ. ನೀವು ವಾಪಸ್ ತಗಂಡಿದ್ದು ನಮಗೆ ಕೇಳಿಸ್ತು. ದೇವ್ರಿಗೆ ಕೇಳಿಸ್ತೋ ಇಲ್ವೋ, ಯಾರು ಕಂಡೋರು" ಅಂದವಳು ಕಂಬಳಿ ಮಡಿಸತೊಡಗಿದಳು.

ವಾರ ವಾರ ಈ ಅಂಕಣ ಓದುವವರೇ, ನಾನು ಬರೆದ ಒಂದೇ ಒಂದು ಸಾಲನ್ನಾದರೂ ನೀವು ಇಷ್ಟು ನಂಬಿದ್ದುಂಟೇ?