ಹಂಪಯ್ಯನ ಗಲಾಟೆ ಚಹಾ

ಲಿಂಗಸುಗೂರಿನ ಹಂಪಯ್ಯ ಹನ್ನೊಂದು ವರ್ಷದಿಂದ ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಚಹಾ ಮಾಡುತ್ತಾನೆ. ಅವನ ಶುಂಠಿ ಚಹಾದ ಘಮ ಏಳನೇ ಮಹಡಿಯಿಂದ ಇಳಿದರೆ, ಸಿಗ್ನಲ್ಲಿನಲ್ಲಿ ಬೆಳಗಿನಿಂದ ನಿಂತ ಕಾರುಗಳೂ ಡ್ರೈವರನ್ನು ಕೇಳದೆ ಹೊರಟುಬಿಡುತ್ತವೆ. ಮಿಯಾಪುರದ ನಮ್ಮ ಗಲ್ಲಿಯಲ್ಲಿ ಇದನ್ನು ನಂಬದವಳು ಒಬ್ಬಳೇ, ಅವನ ಹೆಂಡತಿ ಶಂಕ್ರಮ್ಮ.

ಅವನ ಒಲೆ ಇರುವುದು ತರಬೇತಿ ಕೋಣೆಯ ಪಕ್ಕದಲ್ಲಿ. ಅಲ್ಲಿ ಮೈಸೂರಿನ ನಳಿನಿ ಎಂಜಿನಿಯರುಗಳನ್ನು ಕೂರಿಸಿ, ಸಿಸ್ಟಮ್ ಕೆಟ್ಟಾಗ ತಪ್ಪು ಯಾರದು ಎಂಬುದನ್ನು ಬಿಟ್ಟು, ಹೇಗಾಯಿತು ಎಂದು ಬಿಡಿಸಿ ಹೇಳಿಸುತ್ತಾಳೆ. ಜೂನ್‌ನಲ್ಲಿ ಬೆಂಗಳೂರಿನಿಂದ ಹೊಸ ಮುಖ್ಯಸ್ಥ ರವಿಶಂಕರ್ ಬಂದಿಳಿದ. ಕಂಪನಿ ಕಲಿಯುತ್ತಿದೆ ಎಂಬುದಕ್ಕೆ ಷೇರಿನ ಬೆಲೆಯೇ ಸಾಕ್ಷಿ, ಅದು ಮೂರು ತಿಂಗಳಲ್ಲಿ ಏರದಿದ್ದರೆ ಕೋಣೆ ಬಂದ್ ಎಂದ. ಕೋಣೆ ಹೋದರೆ ಚಹಾ ಹೋಯಿತು, ಚಹಾ ಹೋದರೆ ಹಂಪಯ್ಯ ಹೋದ.

ಅಂದಿನಿಂದ ಹಂಪಯ್ಯನ ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಷೇರು ತೋರಿಸುವ ಟಿವಿಯ ಮೇಲೆ. ಕಣ್ಣುಗಳು ಎಷ್ಟು ದೂರ ಸರಿದವೆಂದರೆ, ಸುಲ್ತಾನ್ ಬಜಾರಿನ ಕನ್ನಡಕದವನು ನಡುವೆ ಒಂದು ಮೊಳ ತಂತಿ ಜೋಡಿಸಬೇಕಾಯಿತು.

ಸೆಪ್ಟೆಂಬರಿನ ಸಭೆಯಲ್ಲಿ ರವಿಶಂಕರ್ ತರಬೇತಿ ಕೋಣೆಯ ಗೋಡೆಯ ಮೇಲೆ ಷೇರಿನ ಗೆರೆ ತೋರಿಸಿದ. "ನೋಡಿ ನಳಿನಿ, ಇಷ್ಟು ಪಾಠ ಮಾಡಿದ್ರಿ, ಷೇರು ಇಳಿದಿದೆ. ಆಗಸ್ಟ್‌ನಲ್ಲಿ ಎರಡೇ ದಿನ ಏರಿದ್ದು."

ತಟ್ಟೆ ಹಿಡಿದು ನಿಂತಿದ್ದ ಹಂಪಯ್ಯ ಬಾಯಿ ಹಾಕಿದ. "ಆ ಎರಡೂ ದಿನ ನಾ ಮಿರ್ಚಿ ಭಜಿ ಮಾಡಿದ್ದೆರಿ. ಏರ್ಬೇಕಂದ್ರ ದಿನಾ ಮಾಡ್ತೀನಿ, ಕಡ್ಲಿಹಿಟ್ಟು ತರಿಸ್ರಿ."

"ಅಲ್ಲಯ್ಯಾ, ಭಜಿಗೂ ಷೇರಿಗೂ ಏನು ಸಂಬಂಧ? ಡಾಲರ್ ಇರುತ್ತೆ, ಗಾಳಿಸುದ್ದಿ ಇರುತ್ತೆ, ನೂರು ಕಾರಣ!"

"ಹಂಗಂದ್ರ ಅದನ್ನ ಅಮ್ಮಾರ ಪಾಠದ ಮ್ಯಾಲ ಯಾಕ ಹಾಕ್ತೀರಿ?"

"ಸರಿ, ಕಲಿತದ್ದನ್ನ ನೀನು ಹೇಗೆ ಅಳೀತೀಯಪ್ಪಾ?" ಎಂದ ರವಿಶಂಕರ್.

"ಗಲಾಟಿ ಚಹಾದಾಗರಿ. ಸಿಸ್ಟಮ್ ಕೆಟ್ರ ಇವ್ರೆಲ್ಲಾ ಈ ಕೋಣ್ಯಾಗ ಸೇರಿ ಚಹಾ ಚಹಾ ಅಂತ ಒದರ್ತಾರ. ಒಬ್ಬ ಗಿರಾಕಿಗೆ ಎರಡು ಬಿಲ್ ಹೋಗೋ ಒಂದ ತಪ್ಪಿಗೆ ವಾರಕ್ಕ ಮೂರು ಸಲ ಕೆಟಲ್ ಏರ್ತಿತ್ತು. ಅಮ್ಮಾರು ಬಿಡಿಸಿ ಹೇಳ್ಸಿದ ಮ್ಯಾಲ ಅದಕ್ಕ ಒಮ್ಮೆನೂ ಏರಿಲ್ಲ."

ರವಿಶಂಕರ್ ಇನ್ನೂ ಮೂರು ತಿಂಗಳು ಕೊಟ್ಟ. ಆದರೆ ಅಳೆಯುವ ಚಟ ಬಿಡಬೇಕಲ್ಲ? 'ಗಲಾಟೆ ಚಹಾ: ಸೊನ್ನೆ' ಎಂದು ಬೋರ್ಡು ಹಾಕಿಸಿ, ಸೊನ್ನೆ ಅಳಿಸಿದರೆ ಕೋಣೆ ಬಂದ್ ಎಂದ.

ನವೆಂಬರಿನ ಒಂದು ಮಧ್ಯಾಹ್ನ ಸಿಸ್ಟಮ್ ಕೆಟ್ಟಿತು. ಬೋರ್ಡಿಗೆ ಹೆದರಿದ ಆರು ಎಂಜಿನಿಯರುಗಳು ಪಾರ್ಕಿಂಗಿನಲ್ಲಿ, ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಚಹಾ ಕೇಳದೆ ಒಣಗುತ್ತಿದ್ದರು. ಕೆಟಲ್ ಎತ್ತಿದ ಹಂಪಯ್ಯನನ್ನು ನಳಿನಿ ತಡೆದಳು. "ಬೇಡ ಹಂಪಯ್ಯ, ನಿಮ್ಮ ಕೆಲಸ ಹೋಗುತ್ತೆ."

"ತಪ್ಪು ಮುಚ್ಚಿಡಾಕ ಕಲ್ತ್ರ, ಅಮ್ಮಾರ, ನೀವು ಕಲಿಸಿದ್ದೆಲ್ಲಾ ಹೋತು."

ಆರು ಕಪ್ ಕೊಟ್ಟು, ಬೋರ್ಡಿನ ಸೊನ್ನೆ ಅಳಿಸಿ ಒಂದು ಬರೆದು, ಏಳನೇ ಕಪ್ ಹಿಡಿದು ರವಿಶಂಕರನ ಮುಂದೆ ನಿಂತ. "ಒಂದು ಗಲಾಟಿ ಆಗೇತ್ರಿ."

"ಮತ್ತೆ ಅದೇ ತಪ್ಪಾ?"

"ಇಲ್ರಿ. ಹೊಸಾದು. ಇಲ್ಲಿ ತನಕ ಯಾರೂ ಮಾಡಿದ್ದಿಲ್ಲ."

ರವಿಶಂಕರ್ ಫೋನ್ ನೋಡಿದ. ಷೇರು ಅವತ್ತು ಏರಿತ್ತು! ಫೋನನ್ನು ಮಗುಚಿಟ್ಟು ಕಪ್ ತೆಗೆದುಕೊಂಡ.

"ಅವರನ್ನ ಮೇಲೆ ಕರಿ. ಕೋಣೆಯಲ್ಲಿ ನನಗೂ ಒಂದು ಕುರ್ಚಿ ಹಾಕು."