ಹೆಸರು ಹೇಳದೆ ಹೇಳಿದ್ದು

ಡಿಗ್ರಿಯ ಕೊನೆಯ ವರ್ಷ ಕೊಪ್ಪದ ನಮ್ಮ ಕಾಲೇಜಿಗೆ ಶನಿವಾರ ಶನಿವಾರ ಶಿವಮೊಗ್ಗದಿಂದ ಒಬ್ಬ ಕೌನ್ಸೆಲರ್ ಮೇಡಂ ಬರತೊಡಗಿದರು. ಮನಸ್ಸಿಗೆ ಭಾರ ಇರುವವರು ಹೆಸರು ಕೊಡಿ ಎಂದು ನೋಟಿಸ್ ಹಾಕಿದ್ದರು. ಎಂಟು ಜನ ಹುಡುಗಿಯರು ಕೊಟ್ಟೆವು. ಲೈಬ್ರರಿ ಪಕ್ಕದ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ತಳ್ಳಿ, ಕುರ್ಚಿಗಳನ್ನು ದುಂಡಗೆ ಹಾಕಿ ಕೂರುತ್ತಿದ್ದೆವು. ಹುಡುಗರು ಅದಕ್ಕೆ ‘ಅಳೋ ಕ್ಲಾಸ್’ ಎಂದು ಹೆಸರಿಟ್ಟರು. ನಿಜ ಹೇಳಬೇಕೆಂದರೆ ನಾನು ಸೇರಿದ್ದು ಭಾರ ಇಳಿಸಿಕೊಳ್ಳಲಿಕ್ಕಲ್ಲ, ಶನಿವಾರದ ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ತಪ್ಪಿಸಿಕೊಳ್ಳಲಿಕ್ಕೆ.

ಮೊದಲ ದಿನವೇ ಮೇಡಂ ಒಂದು ಮಾತು ಹೇಳಿದರು: “ಈ ಕೋಣೆಯಲ್ಲಿ ಕೇಳಿದ್ದು ಈ ಕೋಣೆಯಲ್ಲೇ ಇರಬೇಕು.” ಎಲ್ಲರೂ ತಲೆಯಾಡಿಸಿದೆವು. ನಾನು ಎಲ್ಲರಿಗಿಂತ ಜೋರಾಗಿ ಆಡಿಸಿದೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ಅಮ್ಮ ಚಿಕ್ಕಂದಿನಿಂದ ಬೈಯುತ್ತಿದ್ದಳು; ಅದಕ್ಕೇ ಇರಬೇಕು.

ಅಲ್ಲಿ ಕಲಿಸುತ್ತಿದ್ದದ್ದು ಹೇಳಲಿಕ್ಕೆ ಸುಲಭ, ಮಾಡಲಿಕ್ಕೆ ಕಷ್ಟ. ನಿಮ್ಮನ್ನು ನೀವು ಬೈದುಕೊಳ್ಳುವ ಮಾತನ್ನು ಹಾಳೆಯ ಒಂದು ಬದಿಗೆ ಬರೆಯಿರಿ. ಅದೇ ತಪ್ಪನ್ನು ನಿಮ್ಮ ತಂಗಿ ಮಾಡಿ, ನಿಮ್ಮೆದುರು ಬಂದು ಅಳುತ್ತಿದ್ದರೆ ಏನು ಹೇಳುತ್ತಿದ್ದಿರಿ, ಅದನ್ನು ಇನ್ನೊಂದು ಬದಿಗೆ ಬರೆಯಿರಿ. ಆಮೇಲೆ ಆ ಎರಡನೆಯದನ್ನು ನಿಮಗೆ ನೀವೇ ಗಟ್ಟಿಯಾಗಿ ಓದಿ ಹೇಳಿಕೊಳ್ಳಿ. ಮೊದಮೊದಲು ನಮಗೆಲ್ಲ ನಗು. ಮಕ್ಕಳನ್ನು ಎದುರಿಗೆ ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುವ ಮನೆಗಳಿಂದ ಬಂದವರು ನಾವು. ನಮ್ಮನ್ನು ನಾವೇ ಮುದ್ದು ಮಾಡಿಕೊಳ್ಳುವುದೆಂದರೆ ನಾಚಿಕೆಯಾಗದೆ ಇದ್ದೀತೆ?

ಕೊಪ್ಪದ ಹತ್ತಿರವೇ ಇರುವ ನಾರ್ವೆ ಎಂಬ ಊರಿನ ಒಬ್ಬ ಹುಡುಗಿ ಮಾತ್ರ ನಗುತ್ತಿರಲಿಲ್ಲ. ಐದು ವಾರ ಅವಳ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು, ‘ತಪ್ಪು ನಂದೇ.’ ಇನ್ನೊಂದು ಬದಿ ಖಾಲಿ. ಆರನೆಯ ವಾರ ಬಾಯಿ ಬಿಟ್ಟಳು. ಅವಳಪ್ಪ ಕೂಲಿಗೆ ಮರ ಹತ್ತಿ ಅಡಿಕೆ ಗೊನೆ ತೆಗೆಯುತ್ತಿದ್ದವರು. ಸ್ವಲ್ಪ ಕುಡಿದರೆ ಮಗಳಿಗೆ ಫೋನ್ ಮಾಡಿ ಮಾತು ನಿಲ್ಲಿಸುತ್ತಲೇ ಇರಲಿಲ್ಲವಂತೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಕಾಲೇಜ್ ಡೇಗೆ ಡ್ಯಾನ್ಸ್ ಪ್ರಾಕ್ಟೀಸ್ ಮಾಡುತ್ತಿದ್ದಾಗ ಅವರ ಫೋನ್ ಬಂತು. ಇವಳು ಕಟ್ ಮಾಡಿದಳು. ಮೂರು ಸಲ ಬಂತು, ಮೂರು ಸಲವೂ ಕಟ್ ಮಾಡಿದಳು. ಅವರು ಮರದಿಂದ ಬಿದ್ದು, ಬಿದ್ದಲ್ಲಿಂದಲೇ ಫೋನ್ ಮಾಡಿದ್ದರು. ಜನ ನೋಡುವ ಹೊತ್ತಿಗೆ ತಡವಾಗಿತ್ತು. ನೆಟ್‌ವರ್ಕ್ ಇರಲಿಲ್ಲ ಎಂದು ಅವಳು ಅಮ್ಮನಿಗೆ ಹೇಳಿದಳು. ನಮ್ಮೂರುಗಳಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಅಂದಿನಿಂದ ನಾವು ಏಳೂ ಜನ ಅವಳ ಬೆನ್ನಿಗೆ ನಿಂತೆವು. ಹತ್ತನೆಯ ಶನಿವಾರ ಅವಳು ಹಾಳೆಯ ಇನ್ನೊಂದು ಬದಿಯನ್ನೂ ಬರೆದು ತಂದಳು. “ನಿಂಗೆ ಗೊತ್ತಿರ್ಲಿಲ್ಲ ಕೂಸೇ. ಗೊತ್ತಿದ್ರೆ ಫೋನ್ ಎತ್ತಿರ್ತಿದ್ದೆ.” ನಿಲ್ಲಿಸಿ ನಿಲ್ಲಿಸಿ ಓದಿದಳು. ಓದಿ ಮುಗಿಸಿ, ಹಸಿವಾಗುತ್ತಿದೆ ಎಂದಳು. ಎಲ್ಲರೂ ಸೇರಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋದೆವು. ಅವಳು ಎರಡು ಪ್ಲೇಟ್ ಬನ್ಸ್ ತಿಂದಳು. ನನ್ನ ಪಿಯುಸಿ ರಿಸಲ್ಟ್ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಮರುದಿನ ಭಾನುವಾರ. ನಮ್ಮೂರು ಹರಿಹರಪುರದಲ್ಲಿ ನೆರೆಮನೆಯ ಅಂಗಳಕ್ಕೆ ಅಮ್ಮನ ಜೊತೆ ನಾನೂ ಅಡಿಕೆ ಸುಲಿಯಲಿಕ್ಕೆ ಹೋದೆ. ಸುಲಿಯುವಲ್ಲಿ ಹತ್ತು ಹೆಂಗಸರು ರಾಶಿಯ ಸುತ್ತ ಕೂರುತ್ತಾರೆ. ಕೈಗೆ ಕೆಲಸ ಇದ್ದ ಹಾಗೆ ಬಾಯಿಗೂ ಇರಬೇಕು. ಸುಮ್ಮನೆ ಕೂತವಳನ್ನು ಕೆಣಕಿ ಕೆಣಕಿ ಮಾತಾಡಿಸುತ್ತಾರೆ. ಅವತ್ತು ಒಬ್ಬ ಅಜ್ಜಿ ಹೇಳತೊಡಗಿದರು: “ನಮ್ಮನೆಯವ್ರು ಹೋದ ದಿನ ನಾನು ತಮ್ಮನ ಮಗಳ ಮದುವೆಲಿ ಬಡಿಸ್ತಾ ಇದ್ದೆ. ಒಂದು ಗುಟುಕು ನೀರು ಕೊಡಕ್ಕೂ ನಾನಿರ್ಲಿಲ್ಲ. ನನ್ನಂಥ ಪಾಪಿ ಇನ್ಯಾರು?”

ನನಗೆ ತಡೆಯಲಾಗಲಿಲ್ಲ. “ಹಂಗೆಲ್ಲ ಅನ್ಕೋಬೇಡಿ ಅಜ್ಜಿ. ನಮ್ಮ ಕಾಲೇಜಲ್ಲಿ ಒಬ್ಳು ಇದಾಳೆ...” ಎಂದು ಶುರು ಮಾಡಿದವಳು ಮೂರು ಫೋನಿನ ಕಥೆಯನ್ನೂ ಹಾಳೆಯ ಕಥೆಯನ್ನೂ ಪೂರಾ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಅಷ್ಟು ಬಿಟ್ಟರೆ ಗುಟ್ಟು ಕಾಯ್ದ ಹಾಗೆ ಎಂದುಕೊಂಡಿದ್ದೆ, ಪೆದ್ದಿ. ನಮ್ಮ ಕಡೆ ಯಾರು ಯಾರನ್ನು ಹೆಸರು ಹಿಡಿದು ಹೇಳುತ್ತಾರೆ? ಸೇತುವೆ ಆಚೆಯವಳು, ಕಾಲು ಮುರಿದುಕೊಂಡವನ ಹೆಂಡತಿ, ಹೀಗೇ ಅಲ್ಲವೇ ನಾವು ಮನುಷ್ಯರನ್ನು ಗುರುತಿಸುವುದು!

ಅಜ್ಜಿ ನನ್ನ ತಲೆ ಸವರಿದರು. ಅವರಿಗೆ ನಿಜವಾಗಿ ಸಮಾಧಾನವಾಗಿತ್ತು. ಎದುರಿಗೆ ಕೂತಿದ್ದ ಹೆಂಗಸು ಮಾತ್ರ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು: “ಎಂತ ಮಾರಾಯ್ತಿ, ನಾರ್ವೆಲಿ ಮರದಿಂದ ಬಿದ್ದು ಹೋದ್ರಲ್ಲ, ಅವ್ರ ಮಗಳಾ?”

“ಅಲ್ಲ, ಅಲ್ಲಪ್ಪ,” ಎಂದೆ. ಎರಡು ಸಲ ಅಲ್ಲ ಅಂದದ್ದೇ ಸಾಕಾಯಿತು. ಮನೆಗೆ ಬರುವಾಗ ದಾರಿಯಲ್ಲಿ ಅಮ್ಮ ಅಂದಳು, “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಸುಮ್ನೆ ಹೇಳ್ತಾರೇನೇ?”

ಬುಧವಾರದೊಳಗೆ ಮಾತು ನಾರ್ವೆ ಮುಟ್ಟಿತು. ಅವಳಮ್ಮ ಹೊಡೆಯಲಿಲ್ಲ, ಕೂಗಾಡಲಿಲ್ಲ. ನನ್ನ ಕಣ್ಣೆದುರು ಇರಬೇಡ ಎಂದಷ್ಟೇ ಹೇಳಿ, ಬಾಳೆಹೊನ್ನೂರಿನ ದೊಡ್ಡಮ್ಮನ ಮನೆಗೆ ಕಳಿಸಿದರಂತೆ. ಪರೀಕ್ಷೆಗೆ ಎರಡು ತಿಂಗಳಿತ್ತು. ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ.

ಆ ಶನಿವಾರ ಹುಡುಗಿಯರ ಕುರ್ಚಿ ಏಳೇ. ನಾನು ಎಲ್ಲರೆದುರು ನಡೆದದ್ದನ್ನು ಹೇಳಿದೆ. ಒಬ್ಬರೂ ನನ್ನ ಮುಖ ನೋಡಲಿಲ್ಲ. ಮೇಡಂ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಹಾಳೆ ಕೊಟ್ಟರು. ಒಂದು ಬದಿ ತುಂಬಿ ಅಂಚಿನಲ್ಲೂ ಬರೆದೆ. ತಿರುಗಿಸಿ ತಂಗಿಗೆ ಹೇಳುವ ಮಾತು ಬರೆಯಲು ಪೆನ್ನು ಹಿಡಿದರೆ ಒಂದಕ್ಷರ ಬರಲಿಲ್ಲ. ಇಂಥ ತಂಗಿ ನನಗೆ ಬೇಡ ಅನ್ನಿಸಿತು.

ಎರಡು ವಾರ ಬಿಟ್ಟು ಧೈರ್ಯ ಮಾಡಿ ಬಾಳೆಹೊನ್ನೂರಿಗೆ ಹೋದೆ. ಅವಳು ದೊಡ್ಡಮ್ಮನ ಮನೆಯ ಹೊರಗಿನ ಕೋಣೆಯಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ನೀರು ಬೆಲ್ಲ ತಂದಿಟ್ಟಳು. ಬೈಸಿಕೊಳ್ಳಲಿಕ್ಕೇ ಹೋಗಿದ್ದೆ, ಬಸ್ಸಿನುದ್ದಕ್ಕೂ ಅವಳ ಬೈಗುಳವನ್ನೆಲ್ಲ ನಾನೇ ಮನಸ್ಸಿನಲ್ಲಿ ಆಡಿಕೊಂಡು ಬಂದಿದ್ದೆ.

“ತಪ್ಪಾಯ್ತು ಕಣೇ,” ಎಂದೆ. ಅಳುತ್ತಲೇ ಆ ಅಜ್ಜಿಯ ಕಥೆಯನ್ನೂ ನಾನು ಬಾಯಿಬಿಟ್ಟದ್ದನ್ನೂ ಹೇಳಿದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಕೈ ಹಿಡಿದಳು. “ನೀನು ಅಳ್ಬೇಡ ಮಾರಾಯ್ತಿ. ನೀನೆಂತ ಮಾಡಿದ್ದು? ಅಜ್ಜಿಗೆ ಸಮಾಧಾನ ಹೇಳಿದ್ದು ತಾನೆ. ನಾನು ಆ ಕೋಣೇಲಿ ಬಾಯಿ ಬಿಡಬಾರದಿತ್ತು. ತಪ್ಪು ನಂದೇ.”

ಹತ್ತು ಶನಿವಾರ ಎಂಟು ಜನ ಕೂತು ಬಿಡಿಸಿದ್ದ ಮಾತು ಅದು. ಅಲ್ಲ, ನಿಂದಲ್ಲ ಎಂದು ಹೇಳಬೇಕು ಎಂದು ಬಾಯಿ ತೆರೆದೆ. ಅದನ್ನು ಹೇಳುವ ಹಕ್ಕು ಈ ಬಾಯಿಗೆ ಇರಲಿಲ್ಲ. ಅವಳು ನನ್ನ ಕಣ್ಣೊರೆಸಿ, ಕೊಪ್ಪದ ಬಸ್ಸು ನಾಲ್ಕೂವರೆಗೆ ಇದೆ, ಊಟ ಮಾಡಿಕೊಂಡೇ ಹೋಗು ಎಂದಳು.