ನಾಟಿ ದಿನಗಳ ಹಾಜರಿ

ಮುಕ್ಕುಂದದ ಅಮರೇಶ್ವರಿ ಎರಡು ವರ್ಷ ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ಬಸ್ಸಿನಲ್ಲಿ ಅಲೆದು ಹನ್ನೊಂದು ಶಾಲೆಗಳ ಹಾಜರಿ ಪುಸ್ತಕ ನಕಲು ಮಾಡಿಕೊಂಡಿದ್ದಳು. ಅವಳ ಪಿಎಚ್‌ಡಿ ವಿಷಯವೇ ಹಳ್ಳಿ ಮಕ್ಕಳ ಹಾಜರಿ. ಕೋಷ್ಟಕಗಳು ಚೆಂದ ಬಂದಿದ್ದವು. ಗೈಡ್ ಜಯಶ್ರೀ ಮೇಡಂ ಅವನ್ನು ತಿರುವಿ ಹಾಕಿ ಕೇಳಿದರು:

"ಆಗಸ್ಟ್‌ನಾಗ ನಿಮ್ಮ ಕಡೆ ನೆಲ್ಲು ನಾಟಿ ಅಲ್ಲೇನು? ನೂರಕ್ಕ ತೊಂಬತ್ತಾರು ಹುಡುಗ್ರು ಸಾಲ್ಯಾಗ ಅದಾರ ಅಂತ ಬರದೀದಿ. ಸಸಿ ಕಟ್ಟು ಯಾರು ಎಸಿತಾರ, ದೇವ್ರು ಬರ್ತಾನೇನು?"

ಅಮರೇಶ್ವರಿಗೆ ನಾಚಿಕೆಯಾಯಿತು. ಆರನೇ ತರಗತಿಯಲ್ಲಿ ಇಡೀ ಹಂಗಾಮು ಅವಳೇ ಕೆಸರಿನಲ್ಲಿದ್ದಳು. ಕಾಲ್ಬೆರಳ ಸಂದು ಕೊಳೆತು ಚಪ್ಪಲಿ ಮೆಟ್ಟಲಾರದೆ ಕುಂಟಿದ್ದಳು. ಅಂಥವಳು ಎರಡು ವರ್ಷ ಸೀಲು ಹೊಡೆದ ಕಾಗದ ನಂಬಿದ್ದಳು.

ಊರಿಗೆ ಬಂದವಳೇ ತಾಯಿ ಬಸ್ಸಮ್ಮನ ಹಿಂದೆ ಗದ್ದೆಗೆ ಹೋದಳು. ಬಸ್ಸಮ್ಮ ನಾಟಿ ಗುಂಪಿನ ಮುಂದಾಳು. ಇಪ್ಪತ್ತು ಹೆಂಗಸರು ಸಾಲಾಗಿ ಬಗ್ಗಿದ್ದರು, ಮಕ್ಕಳು ಸಸಿ ಕಟ್ಟು ಎಸೆಯುತ್ತಿದ್ದರು. ಅಮರೇಶ್ವರಿ ಬೆರಳು ಮಡಿಚಿ ಎಣಿಸಿದಳು. ಒಂಬತ್ತು.

"ಏನ್ಬೇ, ಸಸಿ ಹಚ್ಚಾಕ ಬಂದೀದೋ, ಎಣಿಸಾಕ ಬಂದೀದೋ?" ಸಾಲಿನಿಂದ ಕಸ್ತೂರೆಮ್ಮ ಕೂಗಿದಳು.

"ಎಣಿಸಾಕ."

"ಹಂಗಾರ ಬದುವಿನ ಮ್ಯಾಲೇ ನಿಲ್ಲವ್ವಾ, ನಿನ್ನ ಡಾಕ್ಟರಕಿಗೆ ಕೆಸರು ಸಿಡಿದೀತು!" ಸಾಲಿಗೆ ಸಾಲೇ ನಕ್ಕಿತು.

ಹತ್ತೂವರೆಗೆ ಶಾಲೆಗೆ ಹೋದಳು. ಗದ್ದೆಯಲ್ಲಿದ್ದ ಒಂಬತ್ತೂ ಮಕ್ಕಳ ಹೆಸರಿನ ಮುಂದೆ ಅಂದಿನ ಹಾಜರಿ ಬಿದ್ದಿತ್ತು. ಹೆಡ್‌ಮಾಸ್ತರು ಶೇಕ್ಷಾವಲಿ, ಅವಳಿಗೆ ಆರನೇ ತರಗತಿ ಕಲಿಸಿದವರು. ಬರುವ ಮಾರ್ಚ್‌ಗೆ ನಿವೃತ್ತಿ. ಅವರೇನೂ ಮುಚ್ಚಿಡಲಿಲ್ಲ.

"ಗೈರು ಹಾಕಿದ್ರ ಹೆಸರು ಸಾಲಿ ಬಿಟ್ಟವರ ಪಟ್ಟಿಗೆ ಹೋಗ್ತಾವ. ಒಮ್ಮಿ ಹೋದ್ರ ಮನ್ಯಾಗಿನವರು ತಿರುಗಿ ಕಳಸಂಗಿಲ್ಲ. ನಾಟಿ ಮುಗದ್ರ ಬರ್ತಾವ, ಅಲ್ಲೀತನ ಹಾಜರಿ ಹಾಕ್ತೀನಿ. ನಿನಗೂ ಹಾಕೀನಿ." ಕನ್ನಡಕ ಒರೆಸಿಕೊಂಡರು. "ಇದನ್ನ ಬರೀಬ್ಯಾಡವಾ. ಬರದಿ ಅಂದ್ರ ಮಾರ್ಚ್‌ನಾಗ ನನಗ ಹಾರ ಬೀಳಂಗಿಲ್ಲ, ನೋಟಿಸ್ ಬೀಳ್ತದ."

ಮನೆಯಲ್ಲಿ ತಾಯಿಯನ್ನು ಕೇಳಿದಳು, ಬರೆಯಲೋ ಬೇಡವೋ ಅಂತ.

"ಮಾಸ್ತರು ಸುಳ್ಳು ಹಾಜರಿ ಹಾಕಿದ್ರು, ಖರೆ. ಗದ್ದಿಗೆ ಎಳಕೊಂಡು ಹೋದಾಕಿ ನಾನು," ಬಸ್ಸಮ್ಮ ರೊಟ್ಟಿ ತಟ್ಟುತ್ತಲೇ ಅಂದಳು. "ಅದನ್ನೂ ಬರೀತೀಯೇನು?"

ಅಮರೇಶ್ವರಿ ಎರಡು ವರ್ಷದ ಕೋಷ್ಟಕಗಳನ್ನು ಪಕ್ಕಕ್ಕಿಟ್ಟು, ಹಂಗಾಮು ಮುಗಿಯುವ ತನಕ ದಿನಕ್ಕೊಂದು ಊರಿನ ಬದುವಿನ ಮೇಲೆ ನಿಂತು ಎಣಿಸಿದಳು. ಶಾಲೆಗಳ ಹೆಸರು ತೆಗೆದು ನಂಬರ್ ಹಾಕಿದಳು. ಮೇಡಂ ಅದಕ್ಕೆ ಒಪ್ಪಿದರು, ಆದರೆ ಒಂದು ಕೊರತೆ ತೋರಿಸಿದರು. "ಪುಸ್ತಕದಾಗ ಹಾಜರಿ, ಗದ್ದ್ಯಾಗ ಹುಡುಗ್ರು. ಇದು ಮೊದಲಿನಿಂದ ನಡದೈತಿ ಅನ್ನಾಕ ಸಾಕ್ಷಿ ಯಾರು?"

ಸಾಕ್ಷಿ ಹೇಳಲು ಮಾಸ್ತರುಗಳಾಗಲಿ, ಮಕ್ಕಳ ಮನೆಯವರಾಗಲಿ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಅಮರೇಶ್ವರಿ ಸಾಕ್ಷಿಯಾಗಿ ತನ್ನದೇ ಹೆಸರು, ತರಗತಿ, ವರ್ಷ ಬರೆದಳು. ಗದ್ದೆಗೆ ಕರೆದೊಯ್ದವರು ತಾಯಿ ಅಂತಲೂ ಬರೆದಳು. ಅವಳ ಹೆಸರು ಬಂದ ಮೇಲೆ ಶಾಲೆ ಯಾವುದು, ಮಾಸ್ತರು ಯಾರು ಅಂತ ತಿಳಿಯಲು ಊರವರಿಗೆ ಗಳಿಗೆ ಬೇಕಿಲ್ಲ. ಅದಕ್ಕೇ ಆ ಪುಟವನ್ನು ಮೇಡಂಗೆ ಕಳಿಸುವ ಮೊದಲು ಶೇಕ್ಷಾವಲಿ ಮಾಸ್ತರ ಮೇಜಿನ ಮೇಲಿಟ್ಟಳು. ಅವರು ಬೇಡವೆಂದರೆ ಹರಿದು ಹಾಕುವುದು ಅಂತ ನಿರ್ಧಾರ ಮಾಡಿಯೇ ಬಂದಿದ್ದಳು.

ಅವರು ಎರಡು ಸಲ ಓದಿದರು.

"ತಪ್ಪೈತಿ."

"ಏನ್ ತಪ್ಪೈತ್ರಿ ಸರ್?"

"ಆಗಸ್ಟ್ ಅಷ್ಟೇ ಬರದೀದಿ. ಬ್ಯಾಸಿಗಿ ಬೆಳಿ ನಾಟಿಗೂ ಹೋಗಿದ್ದಿ ನೀ. ಜನವರಿಯಾಗ ಹದಿನೆಂಟು ದಿನ. ಕುಂತು ಒಂದೊಂದೇ ತುಂಬಿದಾಂವ ನಾನು, ನನಗ ಗೊತ್ತಿಲ್ಲೇನು?"

"ನಿಮಗ ತ್ರಾಸ ಆಗ್ತದ್ರಿ ಸರ್."

"ಆಗ್ತದ. ನೀ ನಿಮ್ಮವ್ವನ್ನೂ ಬಿಡದ ಬರದೀದಿ, ನಾ ಹೆಂಗ ಬ್ಯಾಡನ್ಲಿ? ಅರ್ಧ ಬರದ್ರೂ ಅಷ್ಟೇ ಆಗ್ತದ." ಪುಟವನ್ನು ಅವಳ ಕಡೆ ಸರಿಸಿದರು. "ಬರಿಯೋದಾದ್ರ ಪೂರಾ ಬರಿ."

ಅಮರೇಶ್ವರಿ ಅವರ ಎದುರಿಗೇ ಕುಳಿತು ಜನವರಿಯ ಹದಿನೆಂಟು ದಿನ ಸೇರಿಸಿದಳು.